ಮೊದಲ ಕುರ್ಚಿಯವನ ಹೊಟ್ಟೆಕಿಚ್ಚು

ನಮ್ಮ ಕ್ಷೌರದಂಗಡಿಯಲ್ಲಿ ಕುರ್ಚಿ ಎರಡು. ಬಾಗಿಲ ಪಕ್ಕ ಬೆಳಕಿಗೆ ಇರುವುದು ಅಣ್ಣನದು. ಒಳಗೆ, ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಿರುವುದು ನನ್ನದು. ಅವನೇನು ನನ್ನ ಒಡಹುಟ್ಟಿದ ಅಣ್ಣನಲ್ಲ. ಅಂಗಡಿ ಅವನದು, ಕೆಲಸ ಕಲಿಸಿದವನು ಅವನು, ದಿನಾ ಬೈಯುವವನೂ ಅವನೇ, ಹಾಗಾಗಿ ಅಣ್ಣ. ಗಿರಾಕಿಗಳು ಅವನನ್ನು ಮೊದಲ ಕುರ್ಚಿ ಅಂತಲೂ ನನ್ನನ್ನು ಎರಡನೇ ಕುರ್ಚಿ ಅಂತಲೂ ಕರೆಯುತ್ತಾರೆ. ನನಗದು ಬೇಜಾರಿಲ್ಲ. ಹೊರಗೆ ಗಾಡಿಗಳ ಧೂಳು ಬಡಿಯುವುದು ಮೊದಲ ಕುರ್ಚಿಗೇ.

ಅಣ್ಣನ ಕಥೆ ಹೇಳಬೇಕೆಂದರೆ ಅವನ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕು. ಅಂಥ ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನಂತೂ ಬೇರೆ ಕಂಡಿಲ್ಲ. ಅವನು ಟೀ ಕುಡಿಯಲು ಹೋದಾಗ ಅವನ ಗಿರಾಕಿ ಯಾರಾದರೂ ಬಂದು ನನ್ನ ಕುರ್ಚಿಯಲ್ಲಿ ಕೂತರೆ ಮುಗಿಯಿತು. ಬಾಯಲ್ಲಿ ಏನೂ ಹೇಳುವುದಿಲ್ಲ, ಕನ್ನಡಿಯೊಳಗಿಂದಲೇ ನಮ್ಮಿಬ್ಬರನ್ನೂ ನೋಡುತ್ತಾ ಇರುತ್ತಾನೆ. ಗಿರಾಕಿ ಹೋದ ಮೇಲೆ ನನ್ನ ಕಡೆ ಬಂದು, ನೆಲದ ಮೇಲೆ ಬಿದ್ದ ಕೂದಲನ್ನು ಕಾಲಲ್ಲಿ ಸರಿಸಿ ನೋಡಿ, "ಎಡಗಡೆ ಜಾಸ್ತಿ ತೆಗೆದಿದೀಯ ಕಣೋ" ಅನ್ನುತ್ತಾನೆ. ನೆಲದ ಮೇಲಿನ ಕೂದಲಲ್ಲಿ ಎಡ ಯಾವುದು, ಬಲ ಯಾವುದು? ರಸ್ತೆಯ ತಿರುವಿನಲ್ಲಿ ಗಾಜಿನ ಬಾಗಿಲಿನ ಹೊಸ ಸಲೂನು ಶುರುವಾದ ದಿನದಿಂದ ಅವನು ಆ ಕಡೆ ನಡೆದೇ ಇಲ್ಲ, ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಾನೆ. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮೊದಲು ಹಿಡಿದುಕೊಂಡದ್ದು ನರ್ಸಿನ ಬೆರಳನ್ನಂತೆ. ಆ ನರ್ಸು ಎಲ್ಲಾದರೂ ಎದುರಾದರೆ ಇವತ್ತಿಗೂ ಮುಖ ಸಿಂಡರಿಸುತ್ತಾನೆ. ಪಾಪ, ಆಕೆಗೆ ಇವನ ಗುರುತೇ ಇಲ್ಲ.

ಆದರೆ ಕೈ ಮಾತ್ರ ಬಂಗಾರ. ಆ ಕೈಯ ಬಗ್ಗೆ ನನಗೂ ಒಂದಿಷ್ಟು ಹೊಟ್ಟೆಕಿಚ್ಚಿದೆ, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನ ಕೆಲಸಕ್ಕೊಂದು ರೀತಿ ಇದೆ. ಎಷ್ಟು ಹಳೆಯ ಗಿರಾಕಿಯೇ ಆಗಲಿ, ಬಟ್ಟೆ ಹೊದಿಸಿದ ಮೇಲೆ "ಎಷ್ಟು ತೆಗೀಲಿ?" ಅಂತ ಕೇಳದೆ ಕತ್ತರಿ ಎತ್ತುವವನಲ್ಲ. "ಯಾವಾಗಿನ ಹಾಗೆ" ಅಂದರೆ ಒಪ್ಪುವುದಿಲ್ಲ. "ಯಾವಾಗಿನ ಹಾಗೆ ಅಂದ್ರೆ ಎಷ್ಟು? ಬೆರಳಲ್ಲಿ ತೋರಿಸಿ" ಅನ್ನುತ್ತಾನೆ. ಎಲ್ಲ ಮುಗಿದ ಮೇಲೆ ಕೈಗನ್ನಡಿಯನ್ನು ಹಿಂದೆ ಹಿಡಿದು ಹಿಂದಲೆ ತೋರಿಸುತ್ತಾನೆ. ಗಿರಾಕಿ ತಲೆ ಆಡಿಸುವವರೆಗೆ ಬಟ್ಟೆ ಬಿಚ್ಚುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದ, "ನೋಡೋ, ತಲೆ ಅವರದು. ಕತ್ತರಿ ಮಾತ್ರ ನಮ್ಮದು." ನಾನು ಅದನ್ನು ಹಾಗೆಯೇ ಪಾಲಿಸಿಕೊಂಡು ಬಂದಿದ್ದೇನೆ.

ಇನ್ನು ಅವನ ಮಗಳು. ಒಬ್ಬಳೇ ಮಗಳು, ಏಳು ವರ್ಷ, ನಾವು ಕರೆಯುವುದು ಗುಬ್ಬಿ ಅಂತ. ಮಾತು ಬಂದದ್ದು ತಡವಾಗಿ, ಬಂದ ಮೇಲೂ ಎಣಿಸಿ ಖರ್ಚು ಮಾಡುವವಳ ಹಾಗೆ ಒಂದೊಂದೇ ಶಬ್ದ. ಜೋರು ಸದ್ದಾದರೆ ಮೇಜಿನ ಕೆಳಗೆ ನುಗ್ಗುತ್ತಾಳೆ. ತಲೆಯನ್ನಂತೂ ಯಾರೂ ಮುಟ್ಟುವ ಹಾಗಿಲ್ಲ. ಅತ್ತಿಗೆ ಬಾಚಣಿಗೆ ಹಿಡಿದರೆ ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕಿರುಚುತ್ತಿದ್ದಳು.

ಹಾಗಾದರೆ ಕ್ಷೌರಿಕನ ಮಗಳ ಕೂದಲು ಹೇಗೆ ಕತ್ತರಿಸುವುದು? ಅಣ್ಣ ಅದಕ್ಕೊಂದು ಉಪಾಯ ಹುಡುಕಿದ್ದ. ಅಂಗಡಿಯ ವಾರದ ರಜೆಯ ದಿನ ಮಧ್ಯಾಹ್ನ ಊಟ ಮಾಡಿ ಗುಬ್ಬಿ ನಿದ್ದೆ ಹೋದ ಮೇಲೆ, ಸದ್ದಾಗದ ಹಾಗೆ ಎಣ್ಣೆ ಬಿಟ್ಟ ಸಣ್ಣ ಕತ್ತರಿ ಹಿಡಿದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಅವಳು ಎಡಕ್ಕೆ ತಿರುಗಿ ಮಲಗಿದ್ದರೆ ಆ ವಾರ ಬಲಗಡೆ. ಎಡಗಡೆಗೆ ಮುಂದಿನ ರಜೆ. ಹೀಗಾಗಿ ನಮ್ಮ ಗುಬ್ಬಿ ಯಾವಾಗಲೂ ಒಂದು ಪಕ್ಕ ಗಿಡ್ಡ, ಒಂದು ಪಕ್ಕ ಉದ್ದ. "ಏಳೋ ಹೊತ್ತಿಗೆ ಮುಗಿದಿರುತ್ತೆ ನೋಡು. ಅಳು ಇಲ್ಲ, ಗಲಾಟೆ ಇಲ್ಲ. ಒಳ್ಳೇದಕ್ಕೇ ತಾನೆ?" ಅಂತ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ನಾವೆಲ್ಲ ಭೇಷ್ ಅಂದಿದ್ದೆವು.

ಒಂದು ಸಂಜೆ ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಅತ್ತಿಗೆ ಗುಬ್ಬಿಯ ತಟ್ಟೆಗೆ ಇನ್ನೊಂದು ಸೌಟು ಬಡಿಸಲು ಹೋದರು. ಗುಬ್ಬಿ ತಟ್ಟೆ ಎಸೆಯಲಿಲ್ಲ, ಕಿರುಚಲೂ ಇಲ್ಲ. ಬಲಗೈಯನ್ನು ನೇರವಾಗಿ ಎತ್ತಿ ಅಂಗೈ ತೋರಿಸಿದಳು. ಆಮೇಲೆ ನಿಧಾನವಾಗಿ, "ಬೇಡ" ಅಂದಳು.

ಅತ್ತಿಗೆ ಸೌಟು ಹಿಡಿದುಕೊಂಡೇ ಅತ್ತುಬಿಟ್ಟರು. ಅಣ್ಣನ ಮುಖ ಮಾತ್ರ ಗಟ್ಟಿಯಾಯಿತು. ಎಷ್ಟು ವರ್ಷಗಳಿಂದ ಅವನು ಮಗಳ ಎದುರು ಮಂಡಿಯೂರಿ ಕೂತು "ಬೇಡ ಅನ್ನು ಕಂದ, ಬೇ...ಡ" ಅಂತ ತುಟಿ ಆಡಿಸಿ ತೋರಿಸಿದ್ದನೋ.

"ಯಾರು ಹೇಳಿಕೊಟ್ಟರು ಇದನ್ನ?" ಅಂದ.

"ಟೀಚರ್," ಅಂದಳು ಗುಬ್ಬಿ.

"ಯಾವ ಟೀಚರ್?"

"ಸಣ್ಣ ರೂಮು."

ಮಾರನೆಯ ಬೆಳಿಗ್ಗೆ ಅಣ್ಣ ಶಾಲೆಯ ಗೇಟಿನಲ್ಲಿ ತರಗತಿಯ ಟೀಚರನ್ನು ತಡೆದು ಕೇಳಿದಾಗ ಎಲ್ಲ ಗೊತ್ತಾಯಿತು. ಕಲಿಯುವುದಕ್ಕೆ ಕಷ್ಟಪಡುವ ಮಕ್ಕಳಿಗೆಂದು ಶಾಲೆಗೆ ಒಬ್ಬರು ಹೊಸ ಟೀಚರ್ ಬಂದಿದ್ದರು. ಅವರು ಗುಬ್ಬಿಯನ್ನು ಪರೀಕ್ಷೆ ಮಾಡಿದ್ದರು. ಅಂದಿನಿಂದ ದಿನಾ ಬೆಳಗಿನ ಹೊತ್ತು ಅವಳನ್ನು ತರಗತಿಯಿಂದ ಎಬ್ಬಿಸಿ ಲೈಬ್ರರಿ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು. ಶುರುವಾಗಿ ಎರಡು ತಿಂಗಳೇ ಆಗಿತ್ತು.

"ನಿಮಗೆ ಗೊತ್ತಿಲ್ವಾ? ಆಫೀಸಿಂದ ಹೇಳಿರ್ತಾರೆ ಅಂದ್ಕೊಂಡಿದ್ದೆ," ಅಂದರಂತೆ ಆ ಟೀಚರ್.

ಅಣ್ಣ ಅಂಗಡಿಗೆ ಬಂದದ್ದೇ ಕುದಿಯುತ್ತಾ. ಆಗ ಅವನ ಕುರ್ಚಿಯಲ್ಲಿ ನಮ್ಮ ಹಳೆಯ ಗಿರಾಕಿ ವಕೀಲರು ಶೇವಿಂಗಿಗೆ ಕೂತಿದ್ದರು. ಅವರ ಮುಖಕ್ಕೆ ನೊರೆ ಹಚ್ಚುತ್ತಾ ಎಲ್ಲವನ್ನೂ ಹೇಳಿದ. ವಕೀಲರಿಗೆ ಕಾನೂನಿನ ಮಾತು ಬಂದರೆ ಬಾಯಿ ನಿಲ್ಲುವುದಿಲ್ಲ.

"ಕೇಳದೆ ಹಾಗೆಲ್ಲ ಮಾಡೋ ಹಾಗಿಲ್ಲ ಕಣಯ್ಯಾ," ಅಂದರು ನೊರೆಯೊಳಗಿಂದ. "ಮಗೂನ ಆ ಥರ ಪರೀಕ್ಷೆ ಮಾಡೋ ಮೊದಲು ತಂದೆತಾಯಿಗೆ ತಿಳಿಸಬೇಕು. ಯಾಕೆ ಮಾಡ್ತೀವಿ, ಏನು ಮಾಡ್ತೀವಿ ಅಂತ ಅರ್ಥ ಆಗೋ ಹಾಗೆ ಹೇಳಬೇಕು. ನೀನು ಒಪ್ಪಿದ ಮೇಲೇ ಮುಂದಿನ ಮಾತು. ಬೇರೆ ರೂಮಿಗೆ ಹಾಕೋಕೂ ಅಷ್ಟೇ. ನೀನು ಬೇಡ ಅನ್ನಬಹುದು. ಮಾತಾಡೋಕೆ ಹೋಗುವಾಗ ನಿನ್ನ ಕಡೆಯವರನ್ನ ಒಬ್ಬರನ್ನ ಜೊತೆಗೆ ಕರ್ಕೊಂಡೂ ಹೋಗಬಹುದು."

ಇಷ್ಟು ಹೇಳುವ ಹೊತ್ತಿಗೆ ನೊರೆ ಒಣಗಿತ್ತು. ಅಣ್ಣ ಮತ್ತೊಮ್ಮೆ ಹಚ್ಚಿದ. ವಕೀಲರು ಮತ್ತೆ ಬಾಯಿ ತೆರೆದರು, ಅದೂ ಒಣಗಿತು.

ಅವರು ಹೋದ ಮೇಲೆ ಅಣ್ಣ ಮೊದಲ ಕುರ್ಚಿಯಲ್ಲಿ ತಾನೇ ಕೂತುಕೊಂಡ. ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ಕೇಳಲಿಲ್ಲ ಅನ್ನೋದು ಒಂದು. ಅದಕ್ಕಿಂತ ಹೊಟ್ಟೆ ಉರಿಯೋದು ಇನ್ನೊಂದಕ್ಕೆ ಕಣೋ. ನನ್ನನ್ನ ಅಪ್ಪ ಅನ್ನೋಕೆ ಅವಳಿಗೆ ಐದು ವರ್ಷ ಬೇಕಾಯ್ತು. ಆ ಟೀಚರಮ್ಮನಿಗೆ ಎರಡು ತಿಂಗಳು ಸಾಕಾಯ್ತು," ಅಂದ. ನಾನು ಬ್ರಷ್ ತೊಳೆಯಲು ಹೋದೆ.

ಆಮೇಲೆ ನಾಲ್ಕೈದು ದಿನ ಸಂಜೆಯಾಯಿತೆಂದರೆ ಅವನ ಕಣ್ಣು ರಸ್ತೆಯ ಮೇಲೆ. ಸಣ್ಣ ಕೋಣೆಯ ಟೀಚರ್ ಬಸ್ ನಿಲ್ದಾಣಕ್ಕೆ ಹೋಗುವುದು ನಮ್ಮ ಅಂಗಡಿಯ ಮುಂದೆಯೇ. ಚಿಕ್ಕ ವಯಸ್ಸಿನ ಹೆಂಗಸು, ಹೆಗಲಲ್ಲಿ ದೊಡ್ಡ ಬಟ್ಟೆಚೀಲ, ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು. "ಆ ತಲೆ ನೋಡೋ," ಅನ್ನುತ್ತಿದ್ದ ಅಣ್ಣ. "ಯಾವನೋ ಕೈಗೆ ಬಂದ ಹಾಗೆ ಕತ್ತರಿಸಿದಾನೆ. ಹಿಂದೆ ಮೆಟ್ಟಿಲು ಬಿದ್ದಿದೆ. ತನ್ನ ತಲೆ ನೋಡ್ಕೊಳ್ಳೋಕೆ ಆಗದವಳು ನನ್ನ ಮಗಳ ತಲೆ ತಿದ್ದುತಾಳಂತೆ!" ಇಷ್ಟು ಹೇಳಿದ ದಿನ ಅವನಿಗೆ ಸ್ವಲ್ಪ ಸಮಾಧಾನವಾಗಿ ನಿದ್ದೆ ಬರುತ್ತಿತ್ತು ಅಂತ ಅತ್ತಿಗೆ ಹೇಳುತ್ತಿದ್ದರು.

ಬಂದು ಮಾತಾಡಿ ಅಂತ ಶಾಲೆಯವರು ಕರೆದ ದಿನ ಅವನ ಕಡೆಯವನಾಗಿ ಹೋದವನು ನಾನು. ಹೆಡ್ ಮೇಡಂ ಕೋಣೆಯಲ್ಲಿ ಗಾಜು ಹಾಸಿದ ಮೇಜು, ಗೋಡೆಗೆ ಎರಡು ಬೀರು, ತಲೆಯ ಮೇಲೆ ಕಿರ್ ಕಿರ್ ಅನ್ನುವ ಫ್ಯಾನು. ಅಣ್ಣ, ಅತ್ತಿಗೆ, ನಾನು ಒಂದು ಕಡೆ. ಮೇಡಂ ಮತ್ತು ಆ ಟೀಚರ್ ಇನ್ನೊಂದು ಕಡೆ.

"ನೋಡಿ, ಒಳ್ಳೇದಕ್ಕೇ ತಾನೆ ಮಾಡಿದ್ದು?" ಅಂತ ಶುರು ಮಾಡಿದರು ಮೇಡಂ. "ಮೊದಲೇ ಹೇಳಿದ್ರೆ ಎಷ್ಟೋ ಜನ ಹೆದರಿ ಬೇಡ ಅಂದ್ಬಿಡ್ತಾರೆ. ಸ್ವಲ್ಪ ಸುಧಾರಿಸಲಿ, ಆಮೇಲೆ ಹೇಳೋಣ ಅಂತ ಇದ್ವಿ. ಈಗ ನೋಡಿ, ಎಷ್ಟು ಬದಲಾಗಿದಾಳೆ!"

ಅಣ್ಣ ಎದ್ದೇ ನಿಂತ. ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ಅದು. "ಮೇಡಂ, ನಾನು ಕೂದಲು ಕತ್ತರಿಸೋನು. ಕೂದಲು ಕತ್ತರಿಸಿದ್ರೆ ಮತ್ತೆ ಬೆಳೆಯುತ್ತೆ. ಆದ್ರೂ ಕೇಳದೆ ಒಂದು ಎಳೆ ಮುಟ್ಟಲ್ಲ. ಮುಗಿದ ಮೇಲೆ ಕನ್ನಡಿ ಹಿಡಿದು ತೋರಿಸ್ತೀನಿ. ನೀವು ನನ್ನ ಮಗಳನ್ನ ಎತ್ಕೊಂಡು ಹೋಗಿ ಬೇರೆ ರೂಮಲ್ಲಿ ಕೂರಿಸಿದೀರಿ. ಅಪ್ಪ ಅಂತ ಒಬ್ಬ ಇದಾನೆ ಅಂತ ನೆನಪಾಗಲಿಲ್ವಾ ನಿಮಗೆ?"

ಮೇಡಂ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಆ ಟೀಚರ್, "ಅವರು ಹೇಳೋದು ಸರಿ ಮೇಡಂ. ಕೇಳಬೇಕಿತ್ತು," ಅಂದರು. ಅಣ್ಣನ ಕಡೆ ತಿರುಗಿ, "ನಿಮ್ಮನ್ನ ಕೇಳಿ ಆಗಿದೆ ಅಂದ್ಕೊಂಡು ನಾನು ಶುರು ಮಾಡಿದೆ. ಒಂದು ಸಲ ಖಾತ್ರಿ ಮಾಡ್ಕೋಬೇಕಿತ್ತು, ಮಾಡ್ಕೊಳ್ಳಲಿಲ್ಲ. ನನ್ನದೂ ತಪ್ಪಿದೆ, ಕ್ಷಮಿಸಿ," ಅಂದರು.

ಜಗಳಕ್ಕೆ ತೋಳೇರಿಸಿ ಬಂದವನಿಗೆ ಎದುರಿನವರು ತಪ್ಪು ಒಪ್ಪಿಕೊಂಡರೆ ಎಂಥ ಕಷ್ಟ! ಅಣ್ಣನ ಕಣ್ಣಲ್ಲಿ ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾದದ್ದು ನನಗೆ ಕಂಡಿತು. ಮಗಳಿಗೆ ಮಾತು ಕಲಿಸಿದ್ದು ಸಾಲದು ಅಂತ ಈ ಹೆಂಗಸು ಒಳ್ಳೆಯವಳೂ ಆಗಿದ್ದಳಲ್ಲ.

ಟೀಚರ್ ಒಂದು ಕಾಗದವನ್ನು ಮೇಜಿನ ಮೇಲೆ ಇವರ ಕಡೆ ತಿರುಗಿಸಿ ಇಟ್ಟರು. ಏನು ಕಲಿಸುವುದು, ಯಾವ ಹೊತ್ತಿನಲ್ಲಿ, ಯಾಕೆ ಅಂತ ಒಂದೊಂದಾಗಿ ಹೇಳಿದರು. "ಹೂಂ ಅನ್ನಬಹುದು, ಬೇಡ ಅನ್ನಬಹುದು. ಮನೆಗೆ ತಗೊಂಡು ಹೋಗಿ ಯೋಚನೆ ಮಾಡಬಹುದು. ರೂಮಿಗೆ ಬಂದು ಕೂತು ನೋಡಬಹುದು. ಹೂಂ ಅಂದ ಮೇಲೂ ಯಾವತ್ತು ಬೇಕಾದ್ರೂ ವಾಪಸ್ ತಗೋಬಹುದು."

ಅತ್ತಿಗೆಯ ಕೈ ಕಾಗದದ ಕಡೆ ಅರ್ಧ ಹೋಗಿತ್ತು. ಅಣ್ಣ, "ಬೇಡ," ಅಂದ. "ನಾಳೆಯಿಂದ ಅವಳು ಆ ರೂಮಿಗೆ ಕಾಲಿಡಬಾರದು."

ಟೀಚರ್ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಆಯ್ತು. ನೀವು ಹೇಳೋವರೆಗೂ ಕರ್ಕೊಂಡು ಹೋಗಲ್ಲ," ಅಂದರು. ಅತ್ತಿಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಹೊರಗೆ ಬಂದ ಅಣ್ಣ ಎದೆಯುಬ್ಬಿಸಿ ನಡೆದ. ನಮಗೆಲ್ಲ ಟೀ ಕೊಡಿಸಿದ. "ನೋಡಿದ್ಯಾ ಹೇಗೆ ಬಾಯಿ ಕಟ್ಟಿಸಿದೆ?" ಅಂದ. ಅತ್ತಿಗೆಯ ಲೋಟದಲ್ಲಿ ಟೀ ಹಾಗೆಯೇ ಕೆನೆಗಟ್ಟಿತು.

ಟೀಚರ್ ಮಾತು ಉಳಿಸಿಕೊಂಡರು. ಅಲ್ಲೇ ಕಷ್ಟ ಶುರುವಾದದ್ದು. ಸಣ್ಣ ಕೋಣೆಯೊಳಗೆ ಹೋಗುವವರು ಬೂಟು ಬಿಚ್ಚಬೇಕು. ಗುಬ್ಬಿ ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತರಗತಿಯಿಂದ ಎದ್ದು, ಆ ಬಾಗಿಲ ಮುಂದೆ ಹೋಗಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದಳಂತೆ. ಟೀಚರ್ ಹೊರಗೆ ಬಂದು, "ಇವತ್ತು ಇಲ್ಲ ಗುಬ್ಬಿ," ಅಂತ ಹೇಳಿ ಅವಳು ಬೂಟು ಹಾಕಿಕೊಂಡ ಮೇಲೆ ತಾವೇ ತರಗತಿಗೆ ಬಿಟ್ಟು ಬರುತ್ತಿದ್ದರಂತೆ. ಮಾರನೆಯ ದಿನ ಮತ್ತೆ ಅದೇ. ಆಮೇಲೆ ಆಮೇಲೆ ಅವಳು ತರಗತಿಯಲ್ಲಿ ಬೆಂಚಿನ ಕೆಳಗೇ ಕೂರತೊಡಗಿದಳು. ಮನೆಯಲ್ಲಿ ಕೈ ಎತ್ತುವುದು ನಿಂತಿತು. ತಟ್ಟೆ ಹಾರುವುದು ಮತ್ತೆ ಶುರುವಾಯಿತು.

ಅಣ್ಣ ಇದನ್ನು ನನಗೆ ಹೇಳಲಿಲ್ಲ. ಹೇಳಿದವರು ಅತ್ತಿಗೆ, ಅದೂ ಅಂಗಡಿಗೇ ಬಂದು. ಮದುವೆಯಾದ ಮೇಲೆ ಅವರು ಅಂಗಡಿಯೊಳಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲ ಕುರ್ಚಿಯಲ್ಲಿ ವಕೀಲರು, ಎರಡನೆಯದರಲ್ಲಿ ಯಾರೋ ಅಂಚೆಯವನು, ಬೆಂಚಿನ ಮೇಲೆ ಇನ್ನಿಬ್ಬರು. ಅತ್ತಿಗೆ ಯಾರ ಮುಖವನ್ನೂ ನೋಡಲಿಲ್ಲ.

"ರೀ, ಶಾಲೆಯವರು ನಿಮ್ಮನ್ನ ಕೇಳಲಿಲ್ಲ ಅಂತ ಬಂದೋರಿಗೆಲ್ಲಾ ಹೇಳ್ತೀರಿ. ಮೇಡಂ ಮುಂದೆ ಬೇಡ ಅಂದಾಗ ನನ್ನನ್ನ ಕೇಳಿದ್ರಾ? ಪಕ್ಕದಲ್ಲೇ ಕೂತಿದ್ನಲ್ಲಾ. ನಾನೇನು ಕುರ್ಚಿಗೆ ಹಾಸಿದ ಬಟ್ಟೇನಾ?"

"ಮನೆಗೆ ಹೋಗು, ಆಮೇಲೆ ಮಾತಾಡೋಣ," ಅಂದ ಅಣ್ಣ.

"ತಾಯಿಗೂ ಅಷ್ಟೇ ಹಕ್ಕಿದೆ ಕಣಯ್ಯಾ," ಅಂದರು ವಕೀಲರು ನೊರೆಯೊಳಗಿಂದ.

"ನೀವು ಬಾಯಿ ಮುಚ್ಚಿ ಸಾರ್, ನೊರೆ ಒಳಗೆ ಹೋಗುತ್ತೆ!"

ಅತ್ತಿಗೆ ಅಲ್ಲಾಡಲಿಲ್ಲ. "ನಿಮಗೆ ಆ ಟೀಚರ್ ಮೇಲೆ ಹೊಟ್ಟೆಕಿಚ್ಚು. ಹೌದೋ ಅಲ್ಲವೋ ಹೇಳಿಬಿಡಿ."

ಅಂಚೆಯವನು ಉಸಿರು ಹಿಡಿದು ಕೂತ. ನನ್ನ ಕತ್ತರಿ ನಿಂತಿತು. ಅಣ್ಣ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟ.

"ಹೌದು," ಅಂದ. "ಹೊಟ್ಟೆಕಿಚ್ಚೇ. ನನ್ನ ಮಗಳು ಅವಳ ಬಾಗಿಲಲ್ಲಿ ನಿಲ್ತಾಳೆ. ನನಗೋಸ್ಕರ ಯಾವತ್ತು ಎಲ್ಲಿ ನಿಂತಿದಾಳೆ? ಹೊಟ್ಟೆಕಿಚ್ಚಾಗಲ್ವಾ? ಏನೀಗ?"

"ಹೊಟ್ಟೆ ಉರಿದ್ರೆ ನೀರು ಕುಡೀರಿ," ಅಂದರು ಅತ್ತಿಗೆ. "ಮಗು ಬೂಟು ಹಿಡ್ಕೊಂಡು ಬಾಗಿಲಲ್ಲಿ ನಿಂತಿದೆ." ಅಷ್ಟು ಹೇಳಿ ಹೊರಟುಹೋದರು. ಆವತ್ತು ವಕೀಲರ ಗಲ್ಲದ ಮೇಲೆ ಸಣ್ಣದೊಂದು ಗಾಯವಾಯಿತು. ಇಷ್ಟು ವರ್ಷದಲ್ಲಿ ಅಣ್ಣನ ಕೈಯಿಂದ ಆದ ಮೊದಲ ಗಾಯ ಅದು.

ಸಣ್ಣ ಕೋಣೆಯಲ್ಲಿ ಕೂತು ನೋಡುವುದಕ್ಕೆ ಅಂತ ಅಣ್ಣ ಒಪ್ಪಿದ. ಅದೂ ಒಂದೇ ದಿನಕ್ಕೆ. "ನೀನೂ ಬಾರೋ, ನಾನೊಬ್ಬನೇ ಆದ್ರೆ ಏನಾದ್ರೂ ಅಂದ್ಬಿಡ್ತೀನಿ," ಅಂದ. ಬೆಳಗಿನ ಹೊತ್ತು ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತಿಗೆಯೂ ಸೇರಿ ಮೂವರೂ ಹೋದೆವು. ನಾವೂ ಚಪ್ಪಲಿ ಬಿಚ್ಚಿದೆವು.

ಸಣ್ಣ ಕೋಣೆ ನಿಜಕ್ಕೂ ಸಣ್ಣದೇ. ಒಂದು ಚಾಪೆ, ಒಂದು ಗಿಡ್ಡ ಮೇಜು, ಕಿಟಕಿಗೆ ದಪ್ಪ ಪರದೆ, ಮರದ ಕಪಾಟಿನಲ್ಲಿ ಮಣಿ, ಬಣ್ಣ, ಬಟ್ಟೆಯ ಚೂರುಗಳು. ನಾವು ಗೋಡೆಗೆ ಒರಗಿ ಕೂತೆವು. ಗುಬ್ಬಿ ಬಂದವಳು ನಮ್ಮ ಕಡೆ ನೋಡಲೂ ಇಲ್ಲ, ಸೀದಾ ಚಾಪೆಗೆ ಹೋದಳು. ಟೀಚರ್ ನಿಂತುಕೊಂಡೇ, "ಪಕ್ಕ ಕೂತ್ಕೊಳ್ಳಲಾ?" ಅಂತ ಕೇಳಿದರು. ಕೇಳಿ ಕಾದರು. ನನಗೆ ಕಾಲು ಜೋಮು ಹಿಡಿಯುವಷ್ಟು ಹೊತ್ತು ಕಾದರು. ಆಮೇಲೆ ಗುಬ್ಬಿ ಚಾಪೆಯನ್ನು ಎರಡು ಸಲ ತಟ್ಟಿದಳು. ಟೀಚರ್ ಕೂತರು.

ಬಣ್ಣದಲ್ಲಿ ಆಡುತ್ತಾ ಆಡುತ್ತಾ ಗುಬ್ಬಿ ಹಣೆಯ ಮೇಲಿನ ಕೂದಲಿಗೆ ನೀಲಿ ಬಳಿದುಕೊಂಡಳು. "ಕೂದಲಿಗೆ ಬಣ್ಣ ಹತ್ತಿದೆ. ಒರೆಸಲಾ?" ಅಂದರು ಟೀಚರ್. ಗುಬ್ಬಿಯ ಅಂಗೈ ಮೇಲೆದ್ದಿತು. ಟೀಚರ್ ಒರೆಸುವ ಬಟ್ಟೆಯನ್ನು ಅವಳ ಮುಂದಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಗುಬ್ಬಿಯೇ ಬಟ್ಟೆ ತೆಗೆದುಕೊಂಡು ಒರೆಸಿಕೊಂಡಳು. ನೀಲಿ ಕಿವಿಯವರೆಗೆ ಹರಡಿತು.

"ಇನ್ನೂ ಕೆಡಿಸ್ಕೊಂಡ್ಲು ನೋಡು," ಅಂದ ಅಣ್ಣ ನನ್ನ ಕಿವಿಯಲ್ಲಿ. ಆದರೆ ಧ್ವನಿಯಲ್ಲಿ ಜೋರಿರಲಿಲ್ಲ. ಅವನ ಕಣ್ಣು ಮಗಳ ಅಂಗೈ ಮೇಲೇ ಇತ್ತು.

ಗುಬ್ಬಿ ತರಗತಿಗೆ ಹೋದ ಮೇಲೆ ಟೀಚರ್ ನಮ್ಮ ಮುಂದೆ ಬಂದು ಕೂತರು. "ಒಂದು ವಿಷಯ ನಿಮ್ಮನ್ನ ಕೇಳಬೇಕಿತ್ತು," ಅಂದರು. "ನನಗೆ ಅರ್ಥ ಆಗ್ತಾ ಇಲ್ಲ, ನಿಮಗೆ ಗೊತ್ತಿರಬಹುದು. ಊಟ ಆದಮೇಲೆ ಚಿಕ್ಕ ಮಕ್ಕಳನ್ನ ಸ್ವಲ್ಪ ಹೊತ್ತು ಮಲಗಿಸ್ತೀವಿ. ಇವಳು ಮಲಗಲ್ಲ. ನಿದ್ದೆ ಬಂದು ತೂಕಡಿಸ್ತಾ ಇದ್ರೂ ಎರಡೂ ಕೈ ತಲೆ ಮೇಲೆ ಇಟ್ಕೊಂಡು ಗೋಡೆಗೆ ಒರಗಿ ಕೂತಿರ್ತಾಳೆ. ಕಣ್ಣು ಮುಚ್ಚಿದ್ರೆ ಏನೋ ಆಗಿಬಿಡುತ್ತೆ ಅನ್ನೋ ಹಾಗೆ. ಮನೇಲೂ ಹೀಗೇ ಮಾಡ್ತಾಳಾ?"

ನಾನು ಚಾಪೆಯ ಅಂಚು ನೋಡತೊಡಗಿದೆ. ಅಣ್ಣನ ಕೈ ತನಗೆ ತಾನೇ ಅಂಗಿಯ ಜೇಬಿಗೆ ಹೋಯಿತು. ಸಣ್ಣ ಕತ್ತರಿ ಇರುತ್ತಿದ್ದದ್ದು ಅಲ್ಲೇ.

"ಮನೇಲಿ ಮಲಗ್ತಾಳೆ," ಅಂದ.

"ಇಲ್ಲ ರೀ," ಅಂದರು ಅತ್ತಿಗೆ ಮೆಲ್ಲಗೆ. "ಮನೇಲೂ ಹೀಗೇ. ನೀವು ಮಧ್ಯಾಹ್ನ ಇರೋದು ರಜೆ ದಿನ ಮಾತ್ರ. ಆವತ್ತು ಅವಳು ಸುಸ್ತಾಗಿ ಬೀಳೋವರೆಗೂ ನಾನೇ ಆಡಿಸ್ತೀನಲ್ಲ, ನಿಮ್ಮ ಕೆಲಸ ಆಗಲಿ ಅಂತ."

ಅಣ್ಣ ಟೀಚರ್ ಕಡೆ ನೋಡಲಿಲ್ಲ. "ಅವಳು ಮಲಗಿದಾಗ ನಾನು ಕೂದಲು ಕತ್ತರಿಸ್ತೀನಿ," ಅಂದ. "ಎಚ್ಚರ ಇದ್ದಾಗ ಬಿಡಲ್ಲ, ಅದಕ್ಕೆ. ಒಳ್ಳೇದಕ್ಕೇ..."

ಅಲ್ಲಿಗೆ ನಿಂತ. ಮೇಡಂ ಆಡಿದ ಮಾತು ತನ್ನ ಬಾಯಿಂದಲೇ ಬರುತ್ತಿರುವುದು ಅವನಿಗೂ ಕೇಳಿಸಿರಬೇಕು. ಕೇಳದೆ ಒಂದು ಎಳೆ ಮುಟ್ಟುವುದಿಲ್ಲ ಅಂತ ಎದ್ದು ನಿಂತು ಭಾಷಣ ಮಾಡಿದವನು. ಟೀಚರ್ ಬೈಯಲಿಲ್ಲ, ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ನೀವು ಹೇಳದೆ ಇದ್ರೆ ನನಗೆ ಯಾವತ್ತೂ ಗೊತ್ತಾಗ್ತಾ ಇರಲಿಲ್ಲ," ಅಂದರು ಅಷ್ಟೇ. ಅಣ್ಣ ಅಂಗೈಯಲ್ಲಿ ಮುಖ ಒರೆಸಿಕೊಂಡ. ಅವನು ಅಳುವುದನ್ನು ನಾನು ನೋಡಿರಲಿಲ್ಲ, ಆವತ್ತೂ ಪೂರ್ತಿ ನೋಡಲು ಅವನು ಬಿಡಲಿಲ್ಲ.

ಆ ಕಾಗದ ಮತ್ತೆ ಹೊರಗೆ ಬಂತು. ಅಣ್ಣ ಅದನ್ನು ಎರಡು ಸಲ ಓದಿ, ಅತ್ತಿಗೆಯ ಕಡೆ ತಿರುಗಿ, "ನೀನೇನಂತೀಯ?" ಅಂದ.

"ಹೂಂ ಅಂತೀನಿ."

"ಹಾಗಾದ್ರೆ ನನ್ನದೂ ಹೂಂ." ಇಬ್ಬರೂ ಸಹಿ ಹಾಕಿದರು. ಪೆನ್ನು ವಾಪಸ್ ಕೊಡುತ್ತಾ, "ಇನ್ನು ಮುಂದೆ ಏನೇ ಬದಲಾಯಿಸೋದಿದ್ರೂ ಮೊದಲು ನಮ್ಮಿಬ್ಬರನ್ನೂ ಕೇಳಬೇಕು. ಕೇಳಲಿಲ್ಲ ಅಂದ್ರೆ ಸಹಿ ವಾಪಸ್," ಅಂದ. "ಖಂಡಿತ," ಅಂದರು ಟೀಚರ್. ಅವನು ಬಾಗಿಲವರೆಗೆ ಹೋಗಿ ತಿರುಗಿ ಬಂದ. "ಆ ಕೇಳಿಬಿಟ್ಟು ಕಾಯೋದಿದೆಯಲ್ಲ, ಎಷ್ಟು ಹೊತ್ತು ಕಾಯಬೇಕು?"

"ಅವಳು ಹೇಳೋವರೆಗೆ."

ಅಂಗಡಿ ಹತ್ತಿರ ಬಂದಾಗ ಅಣ್ಣ, "ಏನೇ ಹೇಳು, ಆ ಟೀಚರಮ್ಮನ ಕಟಿಂಗ್ ಮಾತ್ರ ಚೆನ್ನಾಗಿಲ್ಲ," ಅಂದ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಮುಂದಿನ ರಜೆಯ ದಿನ ಅಣ್ಣ ಅಂಗಡಿಯ ಬಾಗಿಲನ್ನು ಅರ್ಧ ತೆರೆದು, ಮೊದಲ ಕುರ್ಚಿಯ ಕೈಗಳ ಮೇಲೆ ಮಕ್ಕಳನ್ನು ಕೂರಿಸುವ ಹಲಗೆ ಇಟ್ಟ. ಗುಬ್ಬಿಯನ್ನು ಎತ್ತಿ ಕೂರಿಸಲಿಲ್ಲ, ಪಕ್ಕದಲ್ಲೊಂದು ಸ್ಟೂಲು ಇಟ್ಟ. ಅವಳು ಹೊರಗೆ ನೋಡಿದಳು, ಒಳಗೆ ನೋಡಿದಳು, ತೊಟ್ಟಿಯ ನಲ್ಲಿ ತಿರುಗಿಸಿದಳು, ಕೊನೆಗೆ ಹತ್ತಿ ಕೂತಳು. ಅವನು ಕತ್ತರಿಯನ್ನು ಅವಳ ಕೈಗೇ ಕೊಟ್ಟ. ಕೈಗನ್ನಡಿ ಹಿಡಿದು ಹಿಂದಲೆ ತೋರಿಸಿದ. ಆಮೇಲೆ ವಕೀಲರನ್ನು ಕೇಳುವ ಧ್ವನಿಯಲ್ಲೇ ಕೇಳಿದ.

"ಎಷ್ಟು ತೆಗೀಲಿ?"

ಗುಬ್ಬಿಯ ಅಂಗೈ ಕನ್ನಡಿಯಲ್ಲಿ ಮೇಲೆದ್ದಿತು. "ಬೇಡ."

"ಸರಿ ಕಂದ," ಅಂತ ಅಣ್ಣ ಕತ್ತರಿಯನ್ನು ವಾಪಸ್ ತೆಗೆದುಕೊಂಡು ಡಬ್ಬಿಗೆ ಹಾಕಿದ. ಮುಂದಿನ ವಾರ ಮತ್ತೆ ಕೇಳಿದ. ಮತ್ತೆ ಬೇಡ. ಗಿಡ್ಡ ಪಕ್ಕ ಉದ್ದ ಪಕ್ಕವನ್ನು ಹಿಡಿಯಲು ಓಡಿ, ಎರಡೂ ಕಿವಿ ಮುಚ್ಚಿ, ಕುತ್ತಿಗೆ ಮುಟ್ಟಿ, ತಲೆ ನಿಜಕ್ಕೂ ಗುಬ್ಬಿ ಗೂಡಾಯಿತು. ಗಿರಾಕಿಗಳು ಬಿಡುತ್ತಾರೆಯೇ? "ಏನಪ್ಪಾ ಮೊದಲ ಕುರ್ಚಿ, ಊರಿಗೆಲ್ಲ ಕಟಿಂಗು, ಮಗಳಿಗೆ ಕಾಡು!" ಅಂತ ನಗುತ್ತಿದ್ದರು. ಗಾಜಿನ ಬಾಗಿಲಿನ ಸಲೂನಿನವನಂತೂ, ಕಳಿಸಿಕೊಡಲಿ, ನಾನು ಮಾಡಿಕೊಡ್ತೀನಿ ಅಂದನಂತೆ. ಅದನ್ನು ಕೇಳಿದ ದಿನ ಅಣ್ಣ ಊಟ ಮಾಡಲಿಲ್ಲ. ಆದರೂ ಸಣ್ಣ ಕತ್ತರಿಯನ್ನು ಮನೆಗೆ ಒಯ್ಯಲಿಲ್ಲ. "ಕೇಳಿದೀನಿ. ಬೇಡ ಅಂದಿದಾಳೆ," ಅನ್ನುತ್ತಿದ್ದ ಎಲ್ಲರಿಗೂ.

ಮೊನ್ನೆ ಶಾಲೆ ಬೇಗ ಬಿಟ್ಟಿತ್ತು. ಗುಬ್ಬಿ ಅಂಗಡಿಯಲ್ಲಿದ್ದಳು. ಊಟದ ಡಬ್ಬಿ ಖಾಲಿ ಮಾಡಿ, ಬೂಟು ಬಿಚ್ಚಿ, ನನ್ನ ಕುರ್ಚಿ ಖಾಲಿ ಇದ್ದದ್ದು ನೋಡಿ ಹತ್ತಿ ಕೂತಳು. ನಾನು ಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ಅಣ್ಣ ವಕೀಲರ ಬಲಗಡೆ ಮುಗಿಸಿ ಎಡಗಡೆಗೆ ಕೈ ಹಾಕಿದ್ದ. ಇದ್ದಕ್ಕಿದ್ದಂತೆ ಕತ್ತರಿಯ ಸದ್ದು ನಿಂತಿತು.

ತಲೆ ಎತ್ತಿ ನೋಡಿದೆ. ಎರಡನೇ ಕುರ್ಚಿಯಲ್ಲಿ ಗುಬ್ಬಿ ನಿದ್ದೆ ಹೋಗಿದ್ದಳು. ಸುತ್ತ ಬಾಚಣಿಗೆ, ಕತ್ತರಿ, ಕತ್ತಿ. ಕೈಗಳೆರಡೂ ಮಡಿಲಲ್ಲಿ, ಬೆರಳು ಬಿಚ್ಚಿಕೊಂಡು. ತಲೆ ಪೂರ್ತಿ ಬಯಲಾಗಿ ಒಂದು ಪಕ್ಕಕ್ಕೆ ವಾಲಿತ್ತು.

"ಏನಯ್ಯಾ, ಇನ್ನೊಂದು ಪಕ್ಕ..." ಅಂದರು ವಕೀಲರು.

ಅಣ್ಣ ಅವರ ಮುಂದೆ ಅಂಗೈ ಎತ್ತಿದ. ವಕೀಲರು ಬಾಯಿ ಮುಚ್ಚಿದರು. ಒಂದು ಪಕ್ಕ ಗಿಡ್ಡ, ಒಂದು ಪಕ್ಕ ಉದ್ದ ಇಟ್ಟುಕೊಂಡು, ಹೊದ್ದ ಬಟ್ಟೆಯಲ್ಲೇ ಕೂತರು. ನಾನು ಪೇಪರ್ ಮಡಿಸುವುದನ್ನೂ ನಿಲ್ಲಿಸಿದೆ. ಬಾಗಿಲಿಗೆ ಬಂದ ಗಿರಾಕಿಯೊಬ್ಬನನ್ನು ಅಣ್ಣ ಅದೇ ಅಂಗೈಯಿಂದ ವಾಪಸ್ ಕಳಿಸಿದ. ಫ್ಯಾನಿನ ಗಾಳಿಗೆ ಗುಬ್ಬಿಯ ಹಣೆಯ ಮೇಲಿನ ಕೂದಲು ಕಣ್ಣಿಗೆ ಬಿತ್ತು. ಅವನ ಕೈ ಎರಡು ಬೆರಳಷ್ಟು ಮುಂದೆ ಹೋಗಿ, ಹಾಗೆಯೇ ಹಿಂದಕ್ಕೆ ಬಂತು. ಅವನ ಕಣ್ಣು ತುಂಬಿತ್ತು, ಈ ಸಲ ಅಡಗಿಸಿಕೊಳ್ಳಲಿಲ್ಲ.

ತುಂಬ ಹೊತ್ತಾದ ಮೇಲೆ ತುದಿಗಾಲಲ್ಲಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದ.

"ನನ್ನ ಕುರ್ಚಿ ಬಿಟ್ಟು ನಿನ್ನ ಕುರ್ಚೀಲಿ ಯಾಕೋ ಮಲಗಿದಾಳೆ?"

"ಎದ್ದ ಮೇಲೆ ಕೇಳಿ ನೋಡಣ್ಣ," ಅಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಎಳೆದರೆ ಸದ್ದಾದೀತೆಂದು ಸ್ಟೂಲನ್ನು ಎತ್ತಿಕೊಂಡು ಬಂದು ಅವಳಿಗೆ ಎದುರಾಗಿ ಇಟ್ಟು, ಕಾಯುತ್ತಾ ಕೂತ.